ಅವಳ ಕಿಡ್ನಿ, ನನ್ನ ಎಣ್ಣೆ

ನಮ್ಮ ಮುತ್ತಜ್ಜ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಯಾರನ್ನೂ ಕೂಗಲಿಲ್ಲ. ಎರಡು ಕೋಲು ಕಟ್ಟಿ ತಾನೇ ಮೂಳೆ ಕೂಡಿಸಿಕೊಂಡ. ಆಮೇಲೆ ಸಾಯುವತನಕ ಆತ ನೆಟ್ಟಗೆ ನಡೆದರೂ ಬಲಗಾಲಿನ ಪಾದ ಮಾತ್ರ ಪಕ್ಕದ ಮನೆಯ ಕಡೆ ಹೊರಡುತ್ತಿತ್ತು; ಅದು ಬೇರೆ ಮಾತು. ನಮ್ಮಜ್ಜ ನೋಯುವ ಹಲ್ಲನ್ನು ಇಕ್ಕಳ ಹಾಕಿ ತಾನೇ ಕಿತ್ತುಕೊಂಡ. ಕಿತ್ತದ್ದು ನೋಯುವ ಹಲ್ಲಲ್ಲ ಎಂದು ಗೊತ್ತಾದ ಮೇಲೆ ಅದರ ಪಕ್ಕದ್ದನ್ನೂ ಕಿತ್ತ. ನಮ್ಮಪ್ಪ ಯಾವ ಬಡಗಿಯ ಹಂಗೂ ಇಲ್ಲದೆ ಮಲಗುವ ಕೋಣೆಯಲ್ಲೇ ಕೂತು ಒಂದು ಕಪಾಟು ಮಾಡಿದ. ಅದು ಬಾಗಿಲಿಗಿಂತ ಒಂದು ಗೇಣು ಅಗಲವಾಯಿತು. ಮನೆ ಮಾರುವಾಗ ಕಪಾಟನ್ನೂ ಸೇರಿಸಿಯೇ ಮಾರಿದೆವು.

ಇಂಥ ಸ್ವಾವಲಂಬಿ ವಂಶದ ಕುಡಿ ನಾನು. ಹೊಲಿಗೆ ಮೆಷಿನ್ ರಿಪೇರಿಯನ್ನು ಯಾವ ಗುರುವಿನ ಕಾಲು ಹಿಡಿದೂ ಕಲಿಯಲಿಲ್ಲ. ಮೆಷಿನ್ ಬಿಚ್ಚಿ, ಜೋಡಿಸಿ, ಉಳಿದ ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತ ಹಾಕುತ್ತ ಕಲಿತೆ. ನಲವತ್ತು ವರ್ಷ ಸೀಮೆಎಣ್ಣೆಯಲ್ಲಿ ಕೈ ಅದ್ದಿದ್ದೇನೆ. ಜೀವಮಾನದಲ್ಲಿ ನಾನು ಪಡೆದ ನೆರವು ಒಂದೇ ಒಂದು. ಎರಡು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟಾಗ ಹೆಂಡತಿ ತನ್ನದೊಂದನ್ನು ಕೊಟ್ಟಳು. ನಾನು ಬೇಡವೆಂದೇ ಹೇಳಿದ್ದೆ. ನನ್ನ ಮಾತು ಮುಗಿಯುವುದರೊಳಗೆ ಅರಿವಳಿಕೆ ಕೊಟ್ಟುಬಿಟ್ಟರು.

ಕೊಟ್ಟದ್ದೇನೋ ಕೊಟ್ಟಳು, ಹಕ್ಕು ಬಿಟ್ಟುಕೊಟ್ಟಿಲ್ಲ. ಬೆಳಿಗ್ಗೆ ಎದ್ದರೆ, "ಅದಕ್ಕೆ ನೀರು ಕೊಟ್ರಾ?" ಎನ್ನುತ್ತಾಳೆ. ನನಗೆ ಬಾಯಾರಿದೆಯೇ ಎಂದು ಕೇಳುವವರಿಲ್ಲ. ಬಿಸಿಲಲ್ಲಿ ಕೂತರೆ, "ನೀವು ಬೇಕಾದ್ರೆ ಕೂತ್ಕೊಳ್ಳಿ, ಅದನ್ಯಾಕೆ ಬಿಸಿಲಿಗೆ ಹಾಕ್ತೀರಿ?" (ನಾನು ಅದನ್ನು ಗೂಟಕ್ಕೆ ನೇತುಹಾಕಿ ಬರಬೇಕಿತ್ತೇನೋ.) ನನ್ನ ದೇಹ ಅದನ್ನು ಹೊರಗಿನದೆಂದು ತಳ್ಳದಿರಲಿ ಎಂದು ಕೊಟ್ಟ ಮಾತ್ರೆ ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ. ಒಂಬತ್ತು ಹೊಡೆದು ಒಂದು ನಿಮಿಷವಾದರೆ ಅವಳ ಹುಬ್ಬು ಏರುತ್ತದೆ.

ಹೀಗಿರುವಾಗ ವಾಕಿಂಗಿನಲ್ಲಿ ಜೊತೆಯಾಗುವ ನಿವೃತ್ತ ಡ್ರಿಲ್ ಮಾಸ್ತರ, ನನ್ನ ಮಂಡಿ, ಕುತ್ತಿಗೆ ಹಿಡಿದುಕೊಂಡದ್ದನ್ನು ಕಂಡು ಸುಗಂಧ ತೈಲ ಚಿಕಿತ್ಸೆಯ ಉಪದೇಶ ಮಾಡಿದ. ಲ್ಯಾವೆಂಡರ್ ಎಂಬ ಹೂವಿನ ಎಣ್ಣೆ. ಎಂಟು ದಿನ ಮಂಡಿಗೆ, ಕುತ್ತಿಗೆಗೆ ಹಚ್ಚಿ ಮೂಸುವುದು. ಒಂಬತ್ತನೆಯ ದಿನದಿಂದ ಎರಡು ಹನಿ ಬಿಸಿನೀರಿಗೆ ಹಾಕಿ ಕುಡಿಯುವುದು. ನನಗೆ ತಕ್ಷಣ ಹಿಡಿಸಿತು. ಕಿರುಗುಟ್ಟುವ ಯಾವ ಯಂತ್ರವೂ ಎರಡು ಹನಿ ಎಣ್ಣೆಗೆ ಬಗ್ಗದೆ ಇದ್ದದ್ದನ್ನು ನಾನು ಕಂಡಿಲ್ಲ. ದೇಹ ಅದಕ್ಕಿಂತ ದೊಡ್ಡದೇ?

ಆದರೆ ಕಿಡ್ನಿ ವಾರ್ಡಿನ ಸಿಸ್ಟರ್, "ಬೇರು, ಸೊಪ್ಪು, ಪುಡಿ, ಎಣ್ಣೆ, ಏನೇ ಆದ್ರೂ ನಮ್ಮನ್ನ ಕೇಳದೆ ತಗೋಬೇಡಿ" ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಕೇಳುವುದೂ ಒಂದು ಬಗೆಯ ನೆರವೇ ಎಂದು ನಾನು ಕೇಳಲಿಲ್ಲ. ಹೆಂಡತಿಯ ಕಣ್ಣು ತಪ್ಪಿಸಲು ಲ್ಯಾವೆಂಡರನ್ನು ಉದ್ದ ಮೂತಿಯ ಖಾಲಿ ಮೆಷಿನ್ ಎಣ್ಣೆ ಬಾಟಲಿಗೆ ಸುರಿದು, ತುಂಬಿದ ಮೆಷಿನ್ ಎಣ್ಣೆ ಬಾಟಲಿಯ ಪಕ್ಕದಲ್ಲಿ ಇಟ್ಟೆ. ಎರಡೂ ನೀರಿನಂತೆ ತಿಳಿ.

ಅದೇ ಸಂಜೆ ಹೆಂಡತಿ ಬಂದಳು. ಅವಳು ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. "ಮೆಷಿನ್‌ಗೆ ಎಣ್ಣೆ ಕೊಡ್ರೀ." ನಾನು ಎರಡು ಬಾಟಲಿಯನ್ನೂ ಮೂಗಿನ ಹತ್ತಿರ ಹಿಡಿದು, ಅನುಭವಸ್ಥನಂತೆ ತಲೆಯಾಡಿಸಿ, ಒಂದನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ಜೇಬಿಗಿಳಿಸಿದೆ.

ಚಿಕಿತ್ಸೆಯ ಫಲ ಏನೆಂದು ಹೇಳಲಿ. ಎರಡನೆಯ ದಿನಕ್ಕೇ ಮಂಡಿ ಸಡಿಲವಾಯಿತು. ನಾಲ್ಕನೆಯ ದಿನಕ್ಕೆ ಕುತ್ತಿಗೆ ಎರಡೂ ಕಡೆ ಸರಾಗವಾಗಿ ತಿರುಗಿತು. ಹೆಂಡತಿ ಮಾತ್ರ ಗೊಣಗಿದಳು.

"ದಿಂಬಿನ ಮೇಲೆ ಇದೇನ್ರೀ ಜಿಡ್ಡು?"

"ಬೆವರು."

"ನನ್ನ ಮೆಷಿನ್ ಹತ್ರ ಹೂವಿನ ವಾಸನೆ ಬರ್ತಿದೆ."

ಅದು ನನ್ನ ಮೈಯಿಂದ ಹೊರಟ ಪರಿಮಳ, ಕೋಣೆ ದಾಟಿ ಅಲ್ಲಿಯವರೆಗೆ ಹೋಗಿದೆ ಎಂದು ಒಳಗೊಳಗೇ ಬೀಗಿದೆ. ಹೊರಗೆ, "ಹೊಸ ಬಟ್ಟೆ ಅಲ್ವೇನೇ" ಎಂದೆ.

ಆರನೆಯ ದಿನ ಅವಳ ಮೆಷಿನ್ ಕೀರಲು ದನಿ ತೆಗೆಯಿತು. ನಾನು ಅವಳ ಬಾಟಲಿಯಿಂದಲೇ ಎರಡು ಹನಿ ಬಿಟ್ಟೆ. ಇನ್ನೂ ಕಿರುಚಿತು. ಇನ್ನೆರಡು ಬಿಟ್ಟೆ. ಎಂಟನೆಯ ದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ನಲವತ್ತು ವರ್ಷದಲ್ಲಿ ಇಂಥ ಕೃತಘ್ನ ಮೆಷಿನ್ ನಾನು ಕಂಡಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ತಪಾಸಣೆ. ಹೆಂಡತಿಯೂ ಜೊತೆಗೆ ಬಂದಳು. ಸಿಸ್ಟರ್ ಪುಸ್ತಕ ಬಿಡಿಸಿ ಎಂದಿನಂತೆ ಕೇಳಿದರು: "ಹೊಸದಾಗಿ ಏನಾದ್ರೂ ತಗೊಂಡ್ರಾ ಯಜಮಾನ್ರೇ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಜ್ಞಾನವನ್ನು ಬಚ್ಚಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟು, ಯಂತ್ರಕ್ಕೂ ದೇಹಕ್ಕೂ ಇರುವ ಸಂಬಂಧವನ್ನು ಸವಿಸ್ತಾರವಾಗಿ ಬೋಧಿಸಿದೆ. "ಆ ಘಮ ನೋಡಿ ಸಿಸ್ಟರ್. ತಲೆಗೇ ಏರುತ್ತೆ."

ಅವರು ಮೂಸಿದರು. ಒಂದು ಹನಿ ಬೆರಳಿಗೆ ಹಾಕಿ ಉಜ್ಜಿದರು. ಬಾಟಲಿಯನ್ನು ನನ್ನ ಹೆಂಡತಿಗೆ ಕೊಟ್ಟರು.

"ಇದು ಮೆಷಿನ್ ಎಣ್ಣೆ" ಎಂದಳು ಅವಳು. "ಹಾಗಾದ್ರೆ ನನ್ನ ಮೆಷಿನ್‌ನಲ್ಲಿರೋದು?"

ಅವಳ ಚೀಲದಲ್ಲಿ, ಕಾಯುವಾಗ ಕೈಯಲ್ಲೇ ಹೊಲಿಯಲೆಂದು ತಂದ, ನಿನ್ನೆ ಮೆಷಿನ್‌ನಲ್ಲಿ ಅರ್ಧಕ್ಕೆ ನಿಂತ ಒಂದು ಅಂಗಿಯ ತೋಳು ಇತ್ತು. ಸಿಸ್ಟರ್ ಅದನ್ನು ಮೂಸಿ, "ಲ್ಯಾವೆಂಡರ್" ಎಂದರು. "ನಿಮಗೆ ವಾಸನೆ ಗೊತ್ತಾಗಲ್ವಾ ಯಜಮಾನ್ರೇ?"

"ಹಾಲು ಸೀದು ಪಾತ್ರೆ ಕರಿ ಆದ್ರೂ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರ್ತಾರೆ. ಸೀಮೆಎಣ್ಣೆ ಮೂಗನ್ನ ಯಾವತ್ತೋ ತಿಂದಾಯ್ತು" ಎಂದಳು ಹೆಂಡತಿ. ಇಪ್ಪತ್ತು ವರ್ಷದಿಂದ ಇದೊಂದು ಗುಟ್ಟು ಎಂದು ನಾನು ತಿಳಿದಿದ್ದೆ.

"ಹಚ್ಚಿದ್ದಷ್ಟೇ ತಾನೇ?" ಎಂದರು ಸಿಸ್ಟರ್.

"ಕುಡಿಯೋದು ಇವತ್ತಿಂದ."

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಮೆಷಿನ್ ಎಣ್ಣೆ ಇರಲಿ, ನಿಜವಾದ ಲ್ಯಾವೆಂಡರ್ ಆಗಿದ್ರೂ ಕುಡಿಯೋ ಹಾಗಿಲ್ಲ. ನಿಮ್ಮ ಮಾತ್ರೆ ರಕ್ತದಲ್ಲಿ ಒಂದು ಅಳತೇಲಿ ನಿಂತಿರ್ಬೇಕು. ಹೊಟ್ಟೆಗೆ ಸೇರಿದ ಯಾವ ಔಷಧಿ ಆ ಅಳತೆ ಕೆಡಿಸುತ್ತೆ ಅಂತ ಹೇಳೋಕಾಗಲ್ಲ. ಕೆಟ್ರೆ ಕಿಡ್ನಿ ಹೋಗುತ್ತೆ."

ಹೆಂಡತಿ ಬೈಯಲಿಲ್ಲ. ಅವಳ ಕೈ ತಾನಾಗಿ ತನ್ನ ಎಡಸೊಂಟಕ್ಕೆ, ಹೊಲಿಗೆ ಗುರುತಿರುವ ಕಡೆಗೆ ಹೋಯಿತು. "ನನ್ನ ಹತ್ರ ಇನ್ನು ಕೊಡೋಕೆ ಇಲ್ಲ ಕಣ್ರೀ" ಎಂದಳು.

ಮುತ್ತಜ್ಜನ ಕೋಲಾಗಲಿ ಅಜ್ಜನ ಇಕ್ಕಳವಾಗಲಿ ಇಲ್ಲಿ ಕೆಲಸಕ್ಕೆ ಬರುವಂತಿರಲಿಲ್ಲ. ನಾನು ಸಿಸ್ಟರ್ ಮುಂದೆ, ಇನ್ನು ಮೇಲೆ ಕೇಳದೆ ಒಂದು ಹನಿಯನ್ನೂ ಮುಟ್ಟುವುದಿಲ್ಲ ಎಂದೆ. (ಇದು ನೆರವಲ್ಲ, ಸಮಾಲೋಚನೆ.) ಸಂಜೆಗೆ ರಕ್ತದ ವರದಿ ಬಂತು, ಕಿಡ್ನಿ ಚೆನ್ನಾಗಿತ್ತು. ಅದು ಮೊದಲಿನಿಂದಲೂ ಅವಳ ಹಾಗೆಯೇ ಗಟ್ಟಿ.

ಮನೆಗೆ ಬಂದವನೇ ಮೆಷಿನ್ ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಜೋಡಿಸಿದೆ. ಎರಡೇ ಸ್ಕ್ರೂ ಉಳಿದವು. ಇನ್ನು ಎಣ್ಣೆ ಬಿಡಬೇಕು. ತಿರುಗಿ ನೋಡಿದರೆ ಮೇಜಿನ ಮೇಲೆ ಎರಡು ಬಾಟಲಿ, ಒಂದೇ ಉದ್ದ, ಒಂದೇ ಮೂತಿ, ಅವಳದ್ದನ್ನೂ ನನ್ನದನ್ನೂ ನಾನೇ ಅಕ್ಕಪಕ್ಕ ಇಟ್ಟಿದ್ದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ, "ನಾನು ಮೂಸಿ ಹೇಳ್ಲಾ?" ಎಂದಳು.

ನಾನು ಒಂದು ಬಾಟಲಿಯನ್ನು ಎತ್ತಿ ಮೂಗಿಗೆ ಹಿಡಿದೆ.

"ಏನೂ ಬೇಡ, ನೀನು ಹೋಗೇ. ನನಗೂ ದೇವರು ಮೂಗು ಕೊಟ್ಟಿದ್ದಾನೆ."