ಪುಸ್ತಕ ಸಂಖ್ಯೆ ೪೧೩ ಮತ್ತು ಬಾತುಕೋಳಿಯ ಟಪಾಲು

ಕಗ್ಗದಾಸಪುರದ ಶ್ರೀ ಮುನೇಶ್ವರ ಸಾರ್ವಜನಿಕ ವಾಚನಾಲಯದಲ್ಲಿ ಒಟ್ಟು ನಾನೂರ ಹದಿಮೂರು ಪುಸ್ತಕಗಳಿದ್ದು, ಅವುಗಳ ಪೈಕಿ ನಾನೂರ ಹನ್ನೆರಡು ಕಪಾಟಿನಲ್ಲಿಯೂ ಒಂದು ಪೂಜಿತಾಳ ಕೈಯಲ್ಲಿಯೂ ಇರುತ್ತವೆ. ಆ ಒಂದನ್ನು ರಾತ್ರಿ ಚಾರ್ಜಿಗೆ ಹಾಕಬೇಕು.

ಗೌರವ ಗ್ರಂಥಪಾಲಕರಾದ ಮುನಿರಾಜಪ್ಪನವರು ಇದರಲ್ಲಿ ವಿಶೇಷವೇನನ್ನೂ ಕಾಣುವುದಿಲ್ಲ. ವಾಚನಾಲಯ ನಿಂತಿರುವುದು ಅವರ ತಂದೆ ಬಿಟ್ಟುಕೊಟ್ಟ ರಾಗಿ ಕಣದ ಮೇಲೆ. ಇಪ್ಪತ್ತೆರಡು ವರ್ಷದಿಂದ ಅವರು ಬೆಳಿಗ್ಗೆ ಸ್ನಾನ ಮಾಡಿ, ಮುನೇಶ್ವರನ ಪಟಕ್ಕೆ ದೀಪ ಹಚ್ಚಿ, ರಿಜಿಸ್ಟರಿನ ಮೇಲೊಂದು ಸೇವಂತಿಗೆ ಇಟ್ಟು ಕೂರುತ್ತಾ ಬಂದವರು. ದಿನಕ್ಕೆ ಮೂವರು ಪತ್ರಿಕೆಗೆ ಬರುತ್ತಿದ್ದರು, ಇಬ್ಬರು ಫ್ಯಾನಿಗೆ.

ಹೀಗಿರಲಾಗಿ, ವಾಚನಾಲಯಗಳ ಉಪನಿಯಂತ್ರಣ ಕಚೇರಿಯಿಂದ ಸುತ್ತೋಲೆಯೊಂದು ಬಂತು. "ಕಳೆದ ಮೂರು ವರ್ಷಗಳಲ್ಲಿ ವಿದೇಶಿ ಭಾಷೆಯ ಒಂದು ಪುಸ್ತಕವಾದರೂ ಸೇರ್ಪಡೆಯಾಗದ ವಾಚನಾಲಯಗಳನ್ನು ನಿರ್ಜೀವವೆಂದು ಪರಿಗಣಿಸಿ, ತಿಂಗಳ ಕೊನೆಯ ದಿನ ಬೀಗ ಹಾಕಿ, ಕೊಠಡಿಯನ್ನು ಕೆಟ್ಟುಹೋದ ಬೀದಿದೀಪಗಳ ಸಂರಕ್ಷಣೆಗೆ ಬಳಸತಕ್ಕದ್ದು. ಇಂಗ್ಲಿಷನ್ನು ವಿದೇಶಿ ಭಾಷೆಯೆಂದು ಗಣಿಸತಕ್ಕದ್ದಲ್ಲ. ಬೀಗವನ್ನು ವಾಚನಾಲಯವೇ ತರತಕ್ಕದ್ದು."

ಮುನಿರಾಜಪ್ಪನವರು ವಿದೇಶಿ ಪುಸ್ತಕವೊಂದನ್ನು ಮಂಜೂರು ಮಾಡಬೇಕೆಂದು ಅರ್ಜಿ ಬರೆದರು. ನಿರ್ಜೀವ ವಾಚನಾಲಯಗಳಿಗೆ ಪುಸ್ತಕ ಮಂಜೂರು ಮಾಡಲು ನಿಯಮದಲ್ಲಿ ಅವಕಾಶವಿಲ್ಲವೆಂದು ಉತ್ತರ ಬಂತು. ಅವರು ಹೋಗಿ ಬೀಗ ತಂದರು. ಹೊಸ ವಸ್ತುವಾದ್ದರಿಂದ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಪಟದ ಕೆಳಗಿಟ್ಟರು. ಅಪ್ಪನ ಕಣದಲ್ಲಿ ಉರಿಯದ ದೀಪಗಳನ್ನು ರಾಶಿ ಹಾಕುವುದನ್ನು ನೆನೆದು ಆ ದಿನ ಅವರಿಗೆ ಮುದ್ದೆ ಇಳಿಯಲಿಲ್ಲ.

ಫ್ಯಾನಿಗೆ ಬರುತ್ತಿದ್ದವರಲ್ಲಿ ಪೂಜಿತಾ ಒಬ್ಬಳು. ಎರಡನೇ ಪಿಯುಸಿ, ಅಂಕ ಧಾರಾಳವೆಂಬ ಕಾರಣಕ್ಕೆ ಫ್ರೆಂಚ್ ತೆಗೆದುಕೊಂಡವಳು. ಅವತ್ತು ಫೋನಿನೊಳಗೆ ಮುಖವಿಟ್ಟು ಕಿಸಕ್ಕನೆ ನಕ್ಕಳು.

"ಇಲ್ಲಿ ಫೋನ್ ನೋಡಂಗಿಲ್ಲ ಕಣಮ್ಮ. ಓದ್ಬೇಕು."

"ಓದ್ತಾನೇ ಇದೀನಿ ತಾತ. ಜಪಾನಿನ ಚಿತ್ರಕಥೆ, ಫ್ರೆಂಚಲ್ಲಿದೆ."

"ಜಪಾನಿಂದು ಫ್ರೆಂಚಲ್ಲಿ ಯಾಕೆ?"

"ಇಂಗ್ಲಿಷ್‌ನೋರು ಇನ್ನೂ ಮೂವತ್ತೊಂಬತ್ತನೇ ಅಧ್ಯಾಯದಲ್ಲೇ ಕೂತವ್ರೆ. ಫ್ರಾನ್ಸ್ ಹುಡುಗ್ರು ಆಗ್ಲೇ ನಲವತ್ಮೂರು ಮುಗ್ಸವ್ರೆ."

"ಸಂಬಳ ಚೆನ್ನಾಗಿರಬೇಕು ಅವರಿಗೆ."

"ಸಂಬಳ ಎಲ್ಲಿಂದ ಬಂತು! ಕಥೆ ಮೇಲೆ ಪ್ರೀತಿ ಅಷ್ಟೆ. ತಾವೇ ಅನುವಾದ ಮಾಡಿ ಇಂಟರ್ನೆಟ್ಟಲ್ಲಿ ಹಾಕ್ತಾರೆ, ಯಾರು ಬೇಕಾದ್ರೂ ಓದ್ಬೋದು."

ಅನ್ನದಾನದ ದಿನ ಬೆಳಗಿನಿಂದ ಈರುಳ್ಳಿ ಹೆಚ್ಚಿ, ಊಟಕ್ಕೂ ನಿಲ್ಲದೆ ಹೋಗುವವರನ್ನು ಮುನಿರಾಜಪ್ಪನವರು ಕಂಡಿದ್ದರು. ಫ್ರಾನ್ಸಿನಲ್ಲೂ ಅಂಥವರಿದ್ದಾರೆಂದು ತಿಳಿದು ಅವರ ಕೈ ತಾನಾಗಿ ಮುಗಿಯಿತು. ಮುಗಿದ ಕೈ ಹಾಗೆಯೇ ನಿಂತಿತು.

"ಫ್ರೆಂಚು... ವಿದೇಶಿ ಭಾಷೆ ಅಲ್ವೇನಮ್ಮ?"

ರಿಜಿಸ್ಟರು ಬಂತು. ಲೇಖಕರು: ಜಪಾನಿನವರು. ಅನುವಾದಕರು ಎಂಬಲ್ಲಿ, ತಂಡ ತನಗೆ ತಾನೇ ಇಟ್ಟುಕೊಂಡ ಹೆಸರನ್ನು ಪೂಜಿತಾಳಿಂದ ಕೇಳಿ, "ಶ್ರೀಯುತ ಮೂರು ಮಲಗಿದ ಬೆಕ್ಕುಗಳು, ಫ್ರಾನ್ಸ್" ಎಂದು ಬರೆದರು. ಸಂಭಾವನೆ: ಸೇವಾರ್ಥ. ಸಂಖ್ಯೆ ೪೧೩.

ಆದರೆ ಮೊಹರು ಬೀಳದ ಪುಸ್ತಕ ಪುಸ್ತಕವಲ್ಲ. ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು, ಕಳ್ಳರಿಗೆ ತಿಳಿಯದಂತೆ ಇಪ್ಪತ್ತೈದನೇ ಪುಟಕ್ಕೊಂದು ಒತ್ತಬೇಕೆಂಬುದು ನಿಯಮ. ಗಾಜಿನ ಮೇಲೆ ಶಾಯಿ ನಿಲ್ಲಲಿಲ್ಲ. ಅವರು ಫೋನನ್ನು ಮಗುಚಿ, ಅದರ ಬಿಳಿ ಕವರಿನ ಮೇಲೆ ಮೂರು ಸಲ ಒತ್ತಿದರು. ಚೆನ್ನಾಗಿ ಹಿಡಿಯಿತು. ಕ್ಯಾಮೆರಾದ ಪಕ್ಕದಲ್ಲಿ ಕುಂಕುಮ ಇಟ್ಟರು.

"ಬರ್ತೀನಿ ತಾತ," ಎಂದು ಪೂಜಿತಾ ಎದ್ದಳು.

"ಪುಸ್ತಕ ಇಟ್ಟು ಹೋಗಮ್ಮ."

"ಇದು ನನ್ ಫೋನು!"

"ಫೋನು ನಿಂದೇನೆ, ಯಾರು ಇಲ್ಲ ಅಂದ್ರು? ಒಳಗಿರೋ ಪುಸ್ತಕ ವಾಚನಾಲಯದ್ದು. ಅದನ್ನ ಬಿಟ್ಟು ಫೋನ್ ತಗೊಂಡು ಹೋಗು."

ಹಾಗೆ ಬಿಟ್ಟುಹೋಗುವ ವಿಧಾನ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಅವಳನ್ನು ಸದಸ್ಯಳನ್ನಾಗಿ ಮಾಡಿಕೊಂಡು, ಪುಸ್ತಕವನ್ನು ಹದಿನಾಲ್ಕು ದಿನದ ಮಟ್ಟಿಗೆ ಎರವಲು ಕೊಡಲಾಯಿತು. ಅವಳು ನಗುತ್ತಲೇ ಸಹಿ ಹಾಕಿದಳು.

ತಿಂಗಳ ಕೊನೆಯ ದಿನ ಉಪನಿಯಂತ್ರಣ ಕಚೇರಿಯ ಪರಿಶೀಲಕರಾದ ಬೈಲಪ್ಪನವರು ಜೀಪಿನಲ್ಲಿ ಬಂದಿಳಿದರು. ಹಿಂದೆ ಬೀದಿದೀಪಗಳು ತುಂಬಿದ್ದವು. ಅವುಗಳನ್ನು ಇಳಿಸಲು ಚಾಲಕ ಚಾಂದ್ ಪಾಷಾ ತೋಳು ಮಡಚಿಕೊಂಡಿದ್ದ.

"ಬೀಗ ತಂದಿದೀರೇನ್ರೀ?"

"ತಂದಿದೀನಿ ಸಾರ್. ಜೊತೆಗೆ ಪುಸ್ತಕಾನೂ ಬಂದಿದೆ."

ಪೂಜಿತಾ ಕೊಟ್ಟ ಫೋನಿನ ಮೇಲೆ ಬೈಲಪ್ಪನವರು ಮೊಹರು ಎಣಿಸಿದರು. ಮೂರಿದ್ದವು. ಮಗುಚಿ, ಪುಟ ಸರಿಸಿ ನೋಡಿದರು. "ಇದೇನ್ರೀ, ಹಿಂದಿನಿಂದ ಶುರುವಾಗ್ತದೆ? ಬೈಂಡಿಂಗ್ ತಪ್ಪಿದೆ. ಬೈಂಡರಿಗೆ ನೋಟಿಸ್ ಕೊಡಬೇಕು."

"ಬಲಗಡೆಯಿಂದ ಎಡಗಡೆಗೆ ಓದ್ಬೇಕು ಸಾರ್," ಎಂದಳು ಪೂಜಿತಾ.

"ನಮ್ ಉರ್ದು ಹಂಗೇನೇ ಸಾಬ್, ಏನೂ ಮಿಸ್ಟೇಕ್ ಇಲ್ಲ," ಎಂದು ಚಾಂದ್ ಪಾಷಾ ಬಾಗಿಲಿನಿಂದಲೇ ಪ್ರಮಾಣೀಕರಿಸಿದ.

ನೋಟಿಸು ಕೈಬಿಡಲಾಯಿತು. ಆದರೆ ಹೊಸದಾಗಿ ಸೇರಿದ ಪುಸ್ತಕದಲ್ಲಿ ಆಕ್ಷೇಪಾರ್ಹವಾದುದೇನೂ ಇಲ್ಲವೆಂದು ಪರಿಶೀಲಕರು ಪೂರ್ತಿ ಓದಿ ದೃಢೀಕರಿಸತಕ್ಕದ್ದು, ಅಲ್ಲಿಯವರೆಗೆ ಬೀಗ ಹಾಕತಕ್ಕದ್ದಲ್ಲ ಎಂಬ ನಿಯಮವಿತ್ತು. ಬೈಲಪ್ಪನವರಿಗೆ ಫ್ರೆಂಚ್ ಬಾರದ್ದರಿಂದ ಪೂಜಿತಾ ಕನ್ನಡದಲ್ಲಿ ಹೇಳುತ್ತಾ ಹೋದಳು. ಬಾತುಕೋಳಿಯ ಮೇಲೆ ಸವಾರಿ ಮಾಡುವ ಒಬ್ಬ ಅಂಚೆಯವನು ಒಂದೇ ಒಂದು ಕಾಗದವನ್ನು ಹೊತ್ತು ಹೊರಟಿದ್ದಾನೆ. ಪ್ರತಿ ಹೊಳೆಗೊಂದು ಕಚೇರಿ; ಪ್ರತಿ ಕಚೇರಿಯಲ್ಲೊಬ್ಬ ರಾಕ್ಷಸ; ರಾಕ್ಷಸನ ಮೊಹರಿಲ್ಲದೆ ಹೊಳೆ ದಾಟುವಂತಿಲ್ಲ.

"ನಲವತ್ಮೂರು ಅಧ್ಯಾಯ ಆದ್ರೂ ಟಪಾಲು ತಲುಪಿಲ್ವೇನಮ್ಮ?"

"ಇಲ್ಲ ಸಾರ್."

ಸಹಜವಾಗಿದೆ ಎಂದು ಬೈಲಪ್ಪನವರು ಬರೆದುಕೊಂಡರು. ಸಂಜೆಯ ಹೊತ್ತಿಗೆ ನಲವತ್ತಮೂರನೆಯ ಅಧ್ಯಾಯದ ಕೊನೆಯ ಚಿತ್ರ ಬಂತು. ಹಸಿವಾಗಿದ್ದ ಬಾತುಕೋಳಿ ಕಾಗದವನ್ನು ನುಂಗಿತ್ತು.

"ಮುಂದೆ?"

"ಗುರುವಾರ ಬರುತ್ತೆ ಸಾರ್. ಬೆಕ್ಕುಗಳು ಹಾಕ್ಬೇಕು."

ಬೈಲಪ್ಪನವರು ಬೀಗದ ಕಡೆ ನೋಡಿದರು, ಫೋನಿನ ಕಡೆ ನೋಡಿದರು. ಆಮೇಲೆ ಕಡತದಲ್ಲಿ "ಪರಿಶೀಲನೆ ಪ್ರಗತಿಯಲ್ಲಿದೆ" ಎಂದು ಬರೆದು, "ಗುರುವಾರ ಎಷ್ಟು ಗಂಟೆಗಮ್ಮ?" ಎಂದು ಕೇಳಿದರು.

ಈಗ ಎಪ್ಪತ್ತೊಂದನೆಯ ಅಧ್ಯಾಯ ನಡೆಯುತ್ತಿದೆ. ಪ್ರತಿ ಗುರುವಾರ ಜೀಪು ಬರುತ್ತದೆ. ಬೀದಿದೀಪಗಳ ಸಂರಕ್ಷಣೆಯನ್ನು ಕಚೇರಿಯು ಜೀಪಿಗೇ ವಹಿಸಿರುವುದರಿಂದ ಅವೂ ಬರುತ್ತವೆ. ಚಾಂದ್ ಪಾಷಾ ಮುಂದಿನ ಬೆಂಚಿನಲ್ಲಿ ಕೂತು, ಹೇಳುವ ಮುಂಚೆಯೇ ಚಿತ್ರ ನೋಡಿ ಅರ್ಥ ಮಾಡಿಕೊಂಡುಬಿಡುತ್ತಾನೆಂದು ಬೈಲಪ್ಪನವರಿಂದ ಬೈಸಿಕೊಳ್ಳುತ್ತಾನೆ. ಬೆಂಚು ಸಾಲದೆ ಜನ ಚಾಪೆ ತರುತ್ತಾರೆ.

ಪೂಜಿತಾ ಹದಿನಾಲ್ಕು ದಿನಕ್ಕೊಮ್ಮೆ ಪುಸ್ತಕ ಹಿಂದಿರುಗಿಸಿ, ಸಹಿ ಮಾಡಿ, ಮತ್ತೆ ಪಡೆಯುತ್ತಾಳೆ. ಆ ನಡುವಿನ ಎರಡು ನಿಮಿಷದಲ್ಲಿ ಅವಳ ತಾಯಿ ಭಾಗ್ಯಲಕ್ಷ್ಮಿ ಫೋನು ಮಾಡಿದರೆ ಮುನಿರಾಜಪ್ಪನವರೇ ಎತ್ತುತ್ತಾರೆ.

"ಪುಸ್ತಕ ಈಗ ಕಪಾಟಿನಲ್ಲಿದೆ ತಾಯಿ."

"ಸರಿ ಅಣ್ಣ, ಹೊರಗೆ ಬಂದ್ಮೇಲೆ ಮಾಡ್ತೀನಿ," ಎಂದು ಆಕೆ ಇಡುತ್ತಾರೆ.

ಬೀಗ ಪಟದ ಕೆಳಗೇ ಇದೆ. ದಿನವೂ ಅದಕ್ಕೊಂದು ಹೂವು. ಬೆಳಿಗ್ಗೆ ಮುನಿರಾಜಪ್ಪನವರು ಈಗ ಜಪಾನಿನವರ ಹೆಸರಿನಲ್ಲಿ ಒಂದು, ಬೆಕ್ಕುಗಳ ಹೆಸರಿನಲ್ಲಿ ಮೂರು ದೀಪ ಹೆಚ್ಚಿಗೆ ಹಚ್ಚಿ, ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಾರೆ:

"ಆ ಟಪಾಲು ತಲುಪಲಿ ತಂದೆ. ಅವಸರವೇನಿಲ್ಲ."