ಸ್ಕೂಟರ್ ಬೆಟ್ಟ ಹತ್ತಬಾರದು

ಎಲೆಕ್ಟ್ರಿಕ್ ಸ್ಕೂಟರ್ ಕೊಂಡವರೆಲ್ಲ ಅದು ಬೆಟ್ಟ ಹತ್ತಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಾರೆ. ಹತ್ತದಿರಲಪ್ಪಾ ಎಂದು ಬೇಡಿಕೊಂಡವನು ತರೀಕೆರೆ ತಾಲ್ಲೂಕಿಗೆಲ್ಲ ನಾನೊಬ್ಬನೇ ಇರಬೇಕು.

ಕಾರಣ ಸರಳ. ಮನೆಯಲ್ಲಿ ಸ್ಕೂಟರ್ ಒಂದು, ಸವಾರರು ಇಬ್ಬರು. ನಾನು ಬೀರೂರಿನ ಗೊಬ್ಬರದ ಗೋದಾಮೊಂದರಲ್ಲಿ ಗುಮಾಸ್ತ (ವಿಸಿಟಿಂಗ್ ಕಾರ್ಡಿನಲ್ಲಿ 'ಲಾಜಿಸ್ಟಿಕ್ಸ್ ಎಕ್ಸಿಕ್ಯೂಟಿವ್' ಎಂದಿದೆ, ಸಂಬಳ ಮಾತ್ರ ಗುಮಾಸ್ತನದೇ). ನನ್ನ ಹೆಂಡತಿ ಅಶ್ವಿನಿ ಲಿಂಗದಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್. ನಾನು ಬಯಲಿನ ಕಡೆ ಹೋಗಬೇಕು, ಅವಳು ಬೆಟ್ಟದ ಕಡೆ. ಬೀರೂರು ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡಿ ನನ್ನ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂಬುದು ನನ್ನ ವಾದ. ಟೇಪು ತರುತ್ತೇನೆ, ಅಳತೆ ಕೊಡಿ ಎಂಬುದು ಅವಳ ವಾದ. ವಿಜ್ಞಾನದವರನ್ನು ಮದುವೆಯಾದರೆ ಇದೊಂದು ತೊಂದರೆ. ಮನೆಯಲ್ಲಿ ಸುಖವಾಗಿ ಒಂದು ಉತ್ಪ್ರೇಕ್ಷೆ ಮಾಡುವ ಹಾಗಿಲ್ಲ.

ಹಾಗಾಗಿ ನಾನೂ ವಿಜ್ಞಾನಕ್ಕೇ ಕೈ ಹಾಕಿದೆ.

"ನೋಡೇ, ಎಲೆಕ್ಟ್ರಿಕ್ ಗಾಡಿಗೆ ಏರು ಆಗಿಬರಲ್ಲ. ಮೋಟಾರ್ ಬಿಸಿಯಾಗುತ್ತೆ, ಬ್ಯಾಟರಿ ಸೊರಗುತ್ತೆ. ನಿಮ್ಮ ಲಿಂಗದಹಳ್ಳಿ ರೋಡು ಬೆಟ್ಟದ ಕಡೇದು. ಬೀರೂರು ರೋಡು ನೋಡು, ತಟ್ಟೆ ಇದ್ದಂಗೈತೆ. ಗಾಡಿ ಆಯಸ್ಸಿನ ದೃಷ್ಟಿಯಿಂದ ಹೇಳ್ತಿದೀನಿ."

"ಷೋರೂಮಲ್ಲಿ ನೀವೇ ಅಲ್ವೇನ್ರೀ ಹೇಳಿದ್ದು, ಇದು ಗೋಡೆನೂ ಹತ್ತುತ್ತೆ ಅಂತ?"

"ಅದು ಕೊಳ್ಳೋ ಮುಂಚೆ."

"ಕೊಂಡ್ಮೇಲೆ ಒಳಗಿನ ಮೋಟಾರ್ ಬದಲಾಯ್ತಾ?"

ಅವರೆಕಾಯಿ ಸುಲಿಯುತ್ತಾ ಕೂತಿದ್ದ ನನ್ನಮ್ಮ ಮಲ್ಲಿಕಾಂಬ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ ತೀರ್ಪು ಕೊಟ್ಟರು.

"ಹೊಸ ಗಾಡಿನ ಮನೆದೇವ್ರಿಗೆ ತೋರಿಸ್ದೇ ಓಡಾಡ್ಸಿದ್ದಕ್ಕೇ ಈ ಕಿತ್ತಾಟ. ಭಾನುವಾರ ಇಬ್ರೂ ಕಲ್ಲತ್ತಿಗಿರಿಗೆ ಹೋಗ್ಬನ್ನಿ. ಗಾಡಿ ಘಾಟಿ ಹತ್ತಿ ವೀರಭದ್ರಸ್ವಾಮಿ ಮುಂದೆ ನಿಂತ್ರೆ ಅಶ್ವಿನಿಗೆ. ಹತ್ತದೇ ವಾಪಸ್ ಬಂದ್ರೆ ನಿನಗೆ ಕಣೋ ಕಲ್ಲೇಶ. ಆಮೇಲೆ ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ."

ನಾನು ಒಪ್ಪಿದೆ. ಒಪ್ಪಿ ರಾತ್ರಿಯೆಲ್ಲ ದೇವರನ್ನು ನೆನೆದೆ. ಆದರೆ ಇಂಥ ವಿಷಯವನ್ನು ದೇವರೊಬ್ಬನ ಮೇಲೆ ಬಿಟ್ಟು ಕೂರುವಷ್ಟು ಮುಗ್ಧ ನಾನಲ್ಲ.

ಭಾನುವಾರ ಬೆಳಿಗ್ಗೆ ನನಗೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. "ಅಮ್ಮಾ, ಒಂದೆರಡು ಕಾಯಿ ಒಡೆಸಿದ್ರೆ ಏನು ಚೆಂದ? ಒಂದು ಚೀಲ ತಗೊಂಡು ಹೋಗ್ತೀನಿ" ಎಂದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮದ್ವೆ ಆದ್ಮೇಲಾದ್ರೂ ಬುದ್ಧಿ ಬಂತಲ್ಲಪ್ಪಾ" ಎಂದರು. ಚೀಲವನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟೆ. ಅಕ್ಕಿರೊಟ್ಟಿಯನ್ನು ಬೇಡ ಬೇಡ ಎನ್ನದೆ ತಿಂದೆ. ನನ್ನ ದೇಹವೂ ಹೊರೆಯ ಲೆಕ್ಕಕ್ಕೇ ತಾನೇ ಸೇರುವುದು. ಕೊನೆಯದಾಗಿ ನನ್ನ ಬ್ರಹ್ಮಾಸ್ತ್ರ. ಹ್ಯಾಂಡಲಿನಲ್ಲಿ ಒಂದು ಪುಟ್ಟ ಗುಂಡಿಯಿದೆ. ಒಮ್ಮೆ ಒತ್ತಿದರೆ ಪವರ್ ಮೋಡ್, ಇನ್ನೊಮ್ಮೆ ಒತ್ತಿದರೆ ಎಕೋ ಮೋಡ್. ಎಕೋ ಎಂದರೆ ಚಾರ್ಜ್ ಉಳಿಸುವುದಕ್ಕಾಗಿ ಸ್ಕೂಟರು ಅರೆಹೊಟ್ಟೆಯಲ್ಲಿ ದುಡಿಯುವ ಸ್ಥಿತಿ (ತಿಂಗಳ ಕೊನೆಯ ವಾರ ನಾನು ದುಡಿಯುವ ಹಾಗೆ). ಎಕೋ ಒತ್ತಿ, ಅದು ಅಶ್ವಿನಿಯ ಕಣ್ಣಿಗೆ ಬೀಳದಂತೆ ಪರದೆಯ ಮೇಲೆ ದಪ್ಪನೆಯ ಚೆಂಡುಹೂವಿನ ಹಾರ ಇಳಿಬಿಟ್ಟೆ.

"ಸ್ಪೀಡೆಷ್ಟು ಅಂತ ಕಾಣ್ಬೇಡ್ವೇನ್ರೀ?"

"ದೇವರ ಕಾರ್ಯಕ್ಕೆ ಹೋಗೋವಾಗ ಸ್ಪೀಡ್ ನೋಡ್ಬಾರ್ದು ಕಣೇ."

ಲಿಂಗದಹಳ್ಳಿಯವರೆಗೆ ಸ್ಕೂಟರು ಮರ್ಯಾದೆಯಾಗಿ ಓಡಿತು. ಘಾಟಿ ಶುರುವಾದದ್ದೇ ತಡ, ಅದರ ಸ್ವರ ಇಳಿಯಿತು. ಮೊದಲ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿದ. ಎರಡನೆಯದರಲ್ಲಿ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಇನ್ನೊಬ್ಬನೂ ಹಿಂದೆ ಹಾಕಿದ. ಮೂರನೆಯ ತಿರುವು ಕಡಿದಾಗಿತ್ತು. ಅಲ್ಲಿ ನಮ್ಮ ವಾಹನ ನಿಂತೇ ಬಿಟ್ಟಿತು. ನನ್ನ ಮುಖದ ಮೇಲೆ ದುಃಖವನ್ನೂ ಎದೆಯೊಳಗೆ ಆನಂದವನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಅವತ್ತೇ ಗೊತ್ತಾದದ್ದು.

ಎದುರಿಗೆ ಬಂದ ಗೂಡ್ಸ್ ಆಟೋದವನು ತಲೆ ಹೊರಗೆ ಹಾಕಿದ. "ಏನಣ್ಣ, ಪೆಟ್ರೋಲ್ ಖಾಲಿನಾ?"

"ಇದು ಕರೆಂಟಿಂದಪ್ಪಾ."

"ಹಂಗಾದ್ರೆ ಕರೆಂಟ್ ಬರೋವರ್ಗೂ ಕೂತಿರಿ" ಎಂದು ಹೋದ.

"ಆಯ್ತಲ್ಲ" ಎಂದೆ. "ನಾನು ಹೇಳಿದ್ದೆ. ಹತ್ತಲಿಲ್ಲ. ವಾಪಸ್ ಹೋಗೋಣ, ಅಮ್ಮ ಕಾಯ್ತಿರ್ತಾರೆ."

"ಒಂದೇ ಸಲ ಮಾಡಿ ತೀರ್ಮಾನಕ್ಕೆ ಬಂದ್ರೆ ನಮ್ಮ ಎಂಟನೇ ಕ್ಲಾಸ್ ಮಕ್ಕಳಿಗೂ ನಾನು ಮಾರ್ಕ್ಸ್ ಕೊಡಲ್ಲ" ಎಂದಳು ಅಶ್ವಿನಿ. "ಒಂದೊಂದೇ ಬದಲಾಯಿಸಿ ನೋಡ್ಬೇಕು. ಮೊದ್ಲು ನಾನಿಳೀತೀನಿ."

ಇಳಿದಳು. ಸ್ಕೂಟರು ತೆವಳಿತು, ನಿಂತಿತು (ಆಕ್ಸಿಲರೇಟರ್ ಮೇಲೆ ನನ್ನ ಮಣಿಕಟ್ಟು ಸ್ವಲ್ಪ ಸಡಿಲವಾಗಿತ್ತೆಂದು ಓದುಗರಿಗೆ ಮಾತ್ರ ಹೇಳುತ್ತೇನೆ). ಕಾಯಿಚೀಲ ಇಳಿಸಿದಳು. ಇನ್ನಷ್ಟು ತೆವಳಿತು, ಮತ್ತೆ ನಿಂತಿತು.

"ಈಗ ನೀವಿಳೀರಿ."

"ನಾನಿಳಿದ್ರೆ ಓಡ್ಸೋರ್ಯಾರೇ?"

ಅವಳು ಸೆರಗು ಸಿಕ್ಕಿಸಿ ಹತ್ತಿ ಕೂತಳು. ಸ್ಕೂಟರು ಒಮ್ಮೆ ಕುಂಯ್ ಎಂದಿತು, ಮೆಲ್ಲಗೆ ಮುಂದೆ ಸಾಗಿತು, ತಿರುವಿನಲ್ಲಿ ಮರೆಯಾಯಿತು. ಪೆಟ್ರೋಲ್ ಗಾಡಿಯಾಗಿದ್ದರೆ ಶಬ್ದ ಕೇಳಿಯಾದರೂ ಈಗ ಬಂದಾಳು, ಆಗ ಬಂದಾಳು ಎನ್ನಬಹುದಿತ್ತು. ಘಾಟಿಯಲ್ಲಿ ಉಳಿದದ್ದು ಎರಡೇ ಹೊರೆ: ನಾನು ಮತ್ತು ನನ್ನ ಭಕ್ತಿಯ ಚೀಲ. ಬಿಟ್ಟು ಹೋಗೋಣವೆಂದರೆ ದೇವರ ಹೆಸರಿನಲ್ಲಿ ತಂದ ಕಾಯಿ. ಹೆಗಲಿಗೇರಿಸಿದೆ.

ಬೆವರಿಳಿಸಿಕೊಂಡು ಕೊನೆಯ ತಿರುವು ಮುಟ್ಟುವ ಹೊತ್ತಿಗೆ ದೇವಸ್ಥಾನದ ಮುಂದೆ ಸ್ಕೂಟರು ತಣ್ಣಗೆ ನಿಂತಿತ್ತು. ಅಶ್ವಿನಿ ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನ ಫೋನಿಗೆ ಆ ಕಾಡಿನಲ್ಲಿ ಸಿಗದ ನೆಟ್‌ವರ್ಕ್ ಅವಳದಕ್ಕೆ ಧಾರಾಳವಾಗಿ ಸಿಕ್ಕಿತ್ತು.

"ಹತ್ತಿತೇನವ್ವ?" ಸ್ಪೀಕರಿನಲ್ಲಿ ಅಮ್ಮನ ದನಿ.

"ಗಾಡಿ ಹತ್ತಿತು ಅತ್ತೆ. ನಿಮ್ಮ ಮಗ ಇನ್ನೂ ಹತ್ತಾ ಇದ್ದಾರೆ."

"ಕಾಯಿಚೀಲ?"

"ಹೆಗಲ ಮೇಲಿದೆ."

"ಒಳ್ಳೇದಾಯ್ತು ಬಿಡು. ಗಾಡಿ ಹತ್ತಿದ್ರೆ ಮಗನ್ನ ನಡ್ಕೊಂಡೇ ಬೆಟ್ಟ ಹತ್ತಿಸ್ತೀನಿ ಅಂತ ಹರಕೆ ಹೊತ್ತಿದ್ದೆ. ಒಂದೇ ಸಲಕ್ಕೆ ತೀರ್ತು."

ಚೀಲ ಇಳಿಸಿ, ಉಸಿರು ಹಿಡಿದು, ನನ್ನ ಕೊನೆಯ ವಾದ ಮಂಡಿಸಿದೆ. "ಇದು ಲೆಕ್ಕಕ್ಕಿಲ್ಲ. ಇಬ್ಬರನ್ನೂ ಹೊತ್ತು ಹತ್ತಿಲ್ಲ."

ಅಶ್ವಿನಿ ಪೂಜೆಗೆಂದು ಹ್ಯಾಂಡಲಿನ ಹಾರ ತೆಗೆದಳು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಎಕೋ ಹೊಳೆಯಿತು. ಅವಳು ಅದನ್ನು ನೋಡಿದಳು, ಹಾರವನ್ನು ನೋಡಿದಳು, ಆಮೇಲೆ ನನ್ನನ್ನು.

"ಇದನ್ನ ಬದಲಾಯಿಸೋದು ಮರ್ತಿದ್ರಾ, ಇಲ್ಲಾ ಬೇಕಂತಲೇ ಹಾಕಿದ್ರಾ?"

ಒಳಗೆ ಕತ್ತಿ ಹಿಡಿದ ವೀರಭದ್ರ, ಹೊರಗೆ ಕೈ ಕಟ್ಟಿದ ಅಶ್ವಿನಿ. ಆ ಜಾಗದಲ್ಲಿ ನಿಂತು ಮೋಸಗಾರ ಎನಿಸಿಕೊಳ್ಳುವುದಕ್ಕಿಂತ ಪೆದ್ದ ಎನಿಸಿಕೊಳ್ಳುವುದು ಕ್ಷೇಮವೆಂದು ತೋರಿತು.

"ಮರ್ತೇ ಹೋಗಿತ್ತು ಕಣೇ."

"ಅಂದ್ಕೊಂಡೆ. ಇಷ್ಟು ಮರೆವಿರೋರು ಹೈವೇಲಿ ಗಾಡಿ ಓಡಿಸ್ಬಾರ್ದು ಕಣ್ರೀ." ಕೀ ಅವಳ ವ್ಯಾನಿಟಿ ಬ್ಯಾಗಿಗೆ ಇಳಿಯಿತು. ಜಿಪ್ಪಿನ ಶಬ್ದ ಈಗಲೂ ಕಿವಿಯಲ್ಲಿದೆ.

ವಾಪಸ್ ಬರುವಾಗ ಅವಳೇ ಓಡಿಸಿದಳು. ಆ ಮೂರನೆಯ ತಿರುವು ದಾಟಿದ ಮೇಲೆ ಗಾಡಿ ತಿರುಗಿಸಿ, ಪವರ್ ಒತ್ತಿ, ನನ್ನನ್ನೂ ಒಡೆದ ಕಾಯಿಗಳ ಚೀಲವನ್ನೂ ಹೊತ್ತು ಮತ್ತೊಮ್ಮೆ ಹತ್ತಿಸಿದಳು. ಸ್ಕೂಟರು ಗೊಣಗಲೂ ಇಲ್ಲ. "ಪ್ರಯೋಗ ಅರ್ಧಕ್ಕೆ ಬಿಡಬಾರ್ದು" ಎಂದಳು.

ಸೋಮವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಬೀರೂರು ಬಸ್ಸಿಗೆ ಕಾಯುತ್ತಿದ್ದೆ. ಸದ್ದಿಲ್ಲದೆ ಸ್ಕೂಟರೊಂದು ಪಕ್ಕಕ್ಕೆ ಬಂದು ನಿಂತಿತು. ಮನಸ್ಸು ಕರಗಿ ಹತ್ತಿಸಿಕೊಂಡು ಹೋಗಲು ಬಂದಳೆಂದು ಊಟದ ಚೀಲ ಸರಿಮಾಡಿಕೊಂಡೆ.

"ರೀ, ಬಸ್ ಪಾಸ್ ಮರ್ತಿಲ್ಲ ತಾನೇ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಲಿಂಗದಹಳ್ಳಿ ರಸ್ತೆಗೆ ತಿರುಗಿದಳು.

ನಾನು ಗತ್ತಿನಿಂದ ಜೇಬು ಮುಟ್ಟಿಕೊಂಡೆ. ಮರೆತಿದ್ದೆ.