ಖಾಯಂ ಕೆನ್ನೆ

ಲೋಕದ ಗಂಡಸರೆಲ್ಲ ಗಡ್ಡ ಬಿಟ್ಟುಕೊಂಡು ಕೆಲಸಕ್ಕೆ ಹೋದರೆ ಬೈಸಿಕೊಳ್ಳುತ್ತಾರೆ. ಸೂಕ್ಷ್ಮಪ್ಪ ಮಾತ್ರ ಗಡ್ಡ ಬೋಳಿಸಿಕೊಂಡು ಹೋದರೆ ಬೈಸಿಕೊಳ್ಳುತ್ತಿದ್ದ. ಅವನ ನೌಕರಿಯೇ ಅಂಥದು. ಬ್ಲೇಡು ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂರಬೇಕು. ಎಡಗೆನ್ನೆಯನ್ನು ಈಗಾಗಲೇ ಅಂಗಡಿಯಲ್ಲಿ ಮಾರುತ್ತಿರುವ ಹಳೆಯ ಬ್ಲೇಡಿನಿಂದ, ಬಲಗೆನ್ನೆಯನ್ನು ಹೊಸ ಬ್ಲೇಡಿನಿಂದ ಬೋಳಿಸಿಕೊಳ್ಳಬೇಕು. ಆಮೇಲೆ ಸೂಪರ್‌ವೈಸರು ಭೂತಗನ್ನಡಿ ಹಿಡಿದುಕೊಂಡು ಬಂದಾಗ ಎರಡೂ ಕಡೆ ಮುಖ ತಿರುಗಿಸಿ ತೋರಿಸಬೇಕು. ಹಳೆಯದಕ್ಕಿಂತ ಹೊಸದರ ಕಡೆ ಗುಳ್ಳೆ ಕಡಿಮೆ ಎದ್ದಿದ್ದರೆ ಹೊಸ ಬ್ಲೇಡು ಪಾಸು. ಹೆಚ್ಚಿದ್ದರೆ ಫೇಲು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಆದರೆ ಅವನ ಕುರ್ಚಿಯ ಬೆನ್ನಿಗೆ ‘ಸೂಕ್ಷ್ಮ ಚರ್ಮ’ ಎಂದು ಬರೆದು ಅಂಟಿಸಿದ ದಿನದಿಂದ ಅವನು ಎಲ್ಲರಿಗೂ ಸೂಕ್ಷ್ಮಪ್ಪನಾಗಿಬಿಟ್ಟ. ಆ ಕೋಣೆಯಲ್ಲಿ ಕೂರುತ್ತಿದ್ದ ಉಳಿದವರದು ಕೆನ್ನೆಯಲ್ಲ, ಎಮ್ಮೆಯ ಬೆನ್ನು. ತಗಡಿನ ಚೂರು ಕೊಟ್ಟು ಹೆರೆದುಕೊಳ್ಳಿ ಅಂದರೂ ಹೆರೆದುಕೊಂಡು, ಚೆನ್ನಾಗಿದೆ ಸಾರ್ ಅನ್ನುವ ಪೈಕಿ. ನಿಜ ಹೇಳುತ್ತಿದ್ದದ್ದು ಸೂಕ್ಷ್ಮಪ್ಪನ ಕೆನ್ನೆ ಒಂದೇ. ಬ್ಲೇಡು ತಗುಲಿದ ಸ್ವಲ್ಪ ಹೊತ್ತಿಗೆಲ್ಲ ಅದು ಕೆಂಪಗಾಗಿ, ಗುಳ್ಳೆ ಎದ್ದು, ಉರಿದು ಉರಿದು ಅವನ ಕಣ್ಣಲ್ಲಿ ನೀರು ತರಿಸುತ್ತಿತ್ತು. ಅದೇ ಅವನ ಅನ್ನ.

ಇಷ್ಟು ವರ್ಷ ಕೆನ್ನೆ ಸವೆಸಿದರೂ ಅವನಿನ್ನೂ ಹಂಗಾಮಿ ನೌಕರ. ಖಾಯಂ ಆದವರಿಗೆ ಕಾರ್ಖಾನೆಯ ಹಿಂದುಗಡೆ ಕ್ವಾರ್ಟರ್ಸ್ ಕೊಡುತ್ತಿದ್ದರು. ಎರಡು ಕೋಣೆ, ಅಡುಗೆಮನೆ, ಜೊತೆಗೆ ಸ್ವಂತ ಬಚ್ಚಲುಮನೆ. ಅವನ ಹೆಂಡತಿ ಆ ಬಚ್ಚಲುಮನೆಗಾಗಿ ಜೀವ ಬಿಡುತ್ತಿದ್ದಳು. ಅವರಿದ್ದ ಕಟ್ಟಡದಲ್ಲಿ ಮಹಡಿಗೆ ಒಂದೇ ಬಚ್ಚಲು. ಬೆಳಗಾದರೆ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಒಳಗಿದ್ದವನು ಹಾಡು ಮುಗಿಸಿ ಹೊರಗೆ ಬರಲಿ ಎಂದು ಕಾಯುವುದರಲ್ಲೇ ತನ್ನ ಯೌವನ ಕಳೆದುಹೋಯಿತು ಎಂಬುದು ಅವಳ ದೂರು. ಮದುವೆಯಾದ ಹೊಸತರಲ್ಲಿ ಸೂಕ್ಷ್ಮಪ್ಪ, ಇನ್ನೊಂದು ವರ್ಷ ತಡೆದುಕೋ, ನಿನಗೊಂದು ಬಚ್ಚಲು ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಆ ಮಾತು ನೆನಪಾದಾಗಲೆಲ್ಲ ಅವನಿಗೆ ಕೆನ್ನೆಯ ಉರಿಗಿಂತ ಹೆಚ್ಚು ಉರಿಯುತ್ತಿತ್ತು.

ಕೊನೆಗೂ ಕಾಲ ಕೂಡಿಬಂದಂತೆ ಕಂಡಿತು. ಸೂಕ್ಷ್ಮ ಚರ್ಮದವರಿಗಾಗಿಯೇ ಸೂಪರ್‌ವೈಸರು ಒಂದು ಹೊಸ ಬ್ಲೇಡು ಮಾಡಿಸಿದ್ದ. ಅದನ್ನು ಕಣ್ಣಾರೆ ನೋಡಲು ಕಾರ್ಖಾನೆಯ ಯಜಮಾನರಾದ ದೊಡ್ಡ ಸಾಹೇಬರೇ ಬರುವವರಿದ್ದರು. ಹಿಂದಿನ ಸಂಜೆ ಸೂಪರ್‌ವೈಸರು ಸೂಕ್ಷ್ಮಪ್ಪನ ಹೆಗಲ ಮೇಲೆ ಕೈಹಾಕಿದ. ಅವನು ಹಾಗೆ ಕೈಹಾಕಿದ್ದು ಅದೇ ಮೊದಲು.

"ನಾಳೆ ಬಲಗೆನ್ನೇಲಿ ಒಂದೇ ಒಂದು ಗುಳ್ಳೆ ಏಳಬಾರದು ನೋಡಪ್ಪ. ಎದ್ದಿಲ್ಲ ಅಂದ್ರೆ ಸಾಹೇಬರ ಹತ್ರ ಅಲ್ಲೇ ನಿನ್ನ ಖಾಯಂ ಆರ್ಡರಿಗೆ ಸಹಿ ಹಾಕಿಸ್ತೀನಿ" ಅಂದ.

ಆ ಬ್ಲೇಡಿನ ಯೋಗ್ಯತೆ ಸೂಕ್ಷ್ಮಪ್ಪನಿಗೆ ಗೊತ್ತಿತ್ತು. ಹಳೆಯದರಿಂದ ಕೆನ್ನೆ ಕೆಂಡವಾದರೆ ಹೊಸದರಿಂದ ಕೆಂಪಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಮುಂದೆ ಇದನ್ನು ಹೇಳಿಕೊಂಡು ನಿಟ್ಟುಸಿರು ಬಿಟ್ಟ. ಅವಳು ಪಕ್ಕದ ಮನೆಯಾಕೆಯ ಮುಂದೆ ಹೇಳಿಕೊಂಡು ನಿಟ್ಟುಸಿರು ಬಿಟ್ಟಳು. ಬೆಳಗಾಗುವ ಹೊತ್ತಿಗೆ ಮಹಡಿಗೆ ಮಹಡಿಯೇ ನಿಟ್ಟುಸಿರು ಬಿಟ್ಟು ಮುಗಿಸಿ, ಬಚ್ಚಲ ಸಾಲಿನಲ್ಲಿ ಅವನಿಗಾಗಿ ಕಾಯುತ್ತಿತ್ತು.

ಸಾಲಿನ ಮೊದಲಲ್ಲಿ ನಿವೃತ್ತ ಡ್ರಿಲ್ ಮಾಸ್ತರರಿದ್ದರು. ಶಾಲೆ ಬಿಟ್ಟು ವರ್ಷಗಳಾದರೂ ಅವರ ಗಂಟಲಿಗೆ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಪಾಠ ಶುರುಮಾಡಿದರು. ಮೊದಲು ಬಿಸಿನೀರಿನ ಟವೆಲ್ಲು ಮುಚ್ಚಿ ಕೂದಲು ಮೆತ್ತಗೆ ಮಾಡಬೇಕು. ಬ್ರಷ್ಷನ್ನು ಸುತ್ತು ಸುತ್ತಾಗಿ ಆಡಿಸಿ ದಪ್ಪ ನೊರೆ ಬರಿಸಬೇಕು. ಬ್ಲೇಡು ಕೂದಲು ಬೆಳೆದ ದಿಕ್ಕಿಗೇ ಹೋಗಬೇಕು, ಎದುರು ಹೋಗಕೂಡದು, ಒತ್ತಕೂಡದು, ಹೋದ ಜಾಗಕ್ಕೆ ಮತ್ತೆ ಹೋಗಕೂಡದು. ಕೊನೆಗೆ ತಣ್ಣೀರು. ಸೂಕ್ಷ್ಮಪ್ಪ ನಡುವೆ ಬಾಯಿ ಹಾಕಿ, ಅದೆಲ್ಲ ತನಗೂ ಗೊತ್ತಿದೆ, ಆದರೆ ಪರೀಕ್ಷಾ ಕೋಣೆಯಲ್ಲಿ ಬಿಸಿನೀರು ಕೊಡುವುದಿಲ್ಲ, ಬರೀ ನಲ್ಲಿ ನೀರು ಎಂದು ಅಲವತ್ತುಕೊಂಡ.

"ಅಲ್ಲಿ ಕೊಡದಿದ್ರೆ ಇಲ್ಲಿ ಮುಗಿಸ್ಕೊಂಡು ಹೋಗಯ್ಯ" ಎಂದು ಮಾಸ್ತರರು, ತಮ್ಮ ಸ್ನಾನಕ್ಕೆ ಕಾಯಿಸಿದ್ದ ಹಂಡೆಗೇ ಟವೆಲ್ಲು ಅದ್ದಿ, ಹಿಂಡಿ, ಅವನ ಮುಖಕ್ಕೆ ಸುತ್ತಿ ಹಿಂದಿನಿಂದ ಗಂಟು ಹಾಕಿದರು. ಒಳಗಿನಿಂದ ಅವನು ಏನೋ ಕೂಗಿದ. ಮಾಸ್ತರರು ಅದನ್ನು ಶಿಸ್ತಿನ ಕೊರತೆ ಎಂದು ತಿಳಿದು ಗಂಟು ಇನ್ನಷ್ಟು ಬಿಗಿದರು.

ಟವೆಲ್ಲು ಬಿಚ್ಚಿದಾಗ ಬ್ಲೇಡು ತಾಗುವ ಮೊದಲೇ ಸೂಕ್ಷ್ಮಪ್ಪನ ಮುಖ ಬೆಂದ ಬೀಟ್‌ರೂಟಿನ ಹಾಗಾಗಿತ್ತು. ಅವನ ಹೆಂಡತಿ ಬಕೆಟ್ ಕೆಳಗಿಟ್ಟು ಅಲ್ಲೇ ಕುಸಿದು ಕೂತಳು. ಆಗ ಮುಂದೆ ಬಂದವರು ಕಾಂಪೌಂಡರು. ಹಲ್ಲಿನ ಡಾಕ್ಟರ ಹತ್ತಿರ ಔಷಧಿ ಕಟ್ಟುವ ಕೆಲಸ ಅವರದು. ಡಾಕ್ಟರರಿಗಿಂತ ತಮಗೇ ಹೆಚ್ಚು ಗೊತ್ತು ಎಂದು ನಂಬಿ ಬಾಳುತ್ತಿದ್ದರು. ಅದೇ ಮಹಡಿಯ ತಮ್ಮ ಮನೆಗೆ ಹೋಗಿ ಒಂದು ಚಿಕ್ಕ ಡಬ್ಬಿ ತಂದರು.

"ಹಲ್ಲು ಕೀಳೋಕೆ ಮುಂಚೆ ಒಸಡಿಗೆ ಹಚ್ತಾರಲ್ಲ, ಆ ಮುಲಾಮು. ಅದಕ್ಕೆ ನಂದೂ ಒಂದೆರಡು ಸೇರಿಸಿದೀನಿ" ಅಂದರು. "ಉರಿಯಾಗ್ಲಿ, ಗುಳ್ಳೆಯಾಗ್ಲಿ, ಯಾವುದೂ ತಲೆ ಎತ್ತಲ್ಲ."

ಇದು ಮುಖಕ್ಕೆ ಹಚ್ಚುವುದು ಹೌದೇ ಎಂದು ಸೂಕ್ಷ್ಮಪ್ಪ ಕೇಳಬೇಕೆಂದಿದ್ದ. ಅಷ್ಟರಲ್ಲಿ ಕಾಂಪೌಂಡರು ಗೋಡೆಗೆ ಸುಣ್ಣ ಬಳಿದಷ್ಟು ಧಾರಾಳವಾಗಿ ಎರಡೂ ಕೆನ್ನೆಗೆ ಬಳಿದಾಗಿತ್ತು. ಮಿಕ್ಕಿದ್ದನ್ನು ದಂಡ ಮಾಡಬಾರದೆಂದು ತುಟಿಯ ಸುತ್ತಲೂ ಸವರಿದರು.

ಕಾರ್ಖಾನೆ ತಲುಪುವ ಹೊತ್ತಿಗೆ ಬೀಟ್‌ರೂಟಿನ ಬಣ್ಣ ಇಳಿದಿತ್ತು. ಜೊತೆಗೆ ಮುಖವೂ ಇಳಿದುಹೋದಂತಿತ್ತು. ಕೆನ್ನೆ ಇದೆಯೋ ಇಲ್ಲವೋ ಎಂದು ಸೂಕ್ಷ್ಮಪ್ಪ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೆರಳಿಗೆ ಗಡ್ಡ ಸಿಗುತ್ತಿತ್ತು, ಕೆನ್ನೆಗೆ ಬೆರಳು ಸಿಗುತ್ತಿರಲಿಲ್ಲ. ಗೇಟಿನ ಕಾವಲುಗಾರ ಏನು ಸಮಾಚಾರ ಎಂದು ಕೇಳಿದ್ದಕ್ಕೆ ಅವನ ತುಟಿಯಿಂದ ಮಾತಿನ ಬದಲು ಜೊಲ್ಲು ಬಂತು. ಬೆಳಗ್ಗೆ ಬೆಳಗ್ಗೆಯೇ ಕುಡಿದು ಬಂದಿದ್ದಾನೆಂದು ಕಾವಲುಗಾರ ಅವನನ್ನು ಪಕ್ಕಕ್ಕೆ ಕೂರಿಸಿದ. ಸೂಪರ್‌ವೈಸರೇ ಓಡಿಬಂದು ಬಿಡಿಸಿಕೊಂಡು ಹೋಗಬೇಕಾಯಿತು.

ದೊಡ್ಡ ಸಾಹೇಬರು ಬಂದರು. ಕುರ್ಚಿ ಹಾಕಿಸಿಕೊಂಡು ಕನ್ನಡಿಯ ಪಕ್ಕದಲ್ಲೇ ಕೂತರು. ಸೂಕ್ಷ್ಮಪ್ಪನ ತಲೆಯೊಳಗೆ ಡ್ರಿಲ್ ಮಾಸ್ತರರ ಗಂಟಲು ಗಟ್ಟಿಯಾಗಿ ಕೇಳುತ್ತಿತ್ತು. ಬ್ರಷ್ಷು ಸುತ್ತು ಸುತ್ತಾಗಿ ಓಡಿತು. ನೊರೆ ಬೆಳ್ಳಗೆ ಎದ್ದು ನಿಂತಿತು. ಎಡಗೆನ್ನೆಯ ಮೇಲೆ ಹಳೆಯ ಬ್ಲೇಡು, ಬಲಗೆನ್ನೆಯ ಮೇಲೆ ಹೊಸ ಬ್ಲೇಡು, ಎರಡೂ ಕೂದಲ ದಿಕ್ಕಿಗೇ, ಒತ್ತದೆ, ಹಿಂದಿರುಗದೆ, ಕವಾಯತಿನ ಹುಡುಗರ ಹಾಗೆ ಸಾಲಾಗಿ ಕೆಳಗಿಳಿದವು. ತಣ್ಣೀರು ಹಾಕಿ ಒರೆಸಿದ. ಇಷ್ಟು ಚೊಕ್ಕವಾಗಿ ಅವನು ಜನ್ಮದಲ್ಲಿ ಗಡ್ಡ ಮಾಡಿಕೊಂಡಿರಲಿಲ್ಲ.

ಸಾಹೇಬರು ಭೂತಗನ್ನಡಿ ಹಿಡಿದು ಬಲಗೆನ್ನೆಯ ಮೇಲೆ ಬಹಳ ಹೊತ್ತು ಓಡಾಡಿದರು. ಒಂದು ಗುಳ್ಳೆ ಇಲ್ಲ. ಸೂಪರ್‌ವೈಸರ ಮುಖ ಅರಳಿತು. ಸಿದ್ಧವಾಗಿಟ್ಟಿದ್ದ ಆರ್ಡರನ್ನು ಮೆಲ್ಲಗೆ ಸಾಹೇಬರ ಮುಂದೆ ಸರಿಸಿದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಸೂಕ್ಷ್ಮಪ್ಪನಿಗೆ ಸ್ವಂತ ಬಚ್ಚಲಿನ ನಲ್ಲಿಯ ಸದ್ದು ಕೇಳಿದಂತಾಯಿತು.

"ಎಲ್ಲಿ, ಆ ಕಡೆ ತಿರುಗು" ಅಂದರು ಸಾಹೇಬರು. ತಿರುಗಿದ. ಎಡಗೆನ್ನೆಯಲ್ಲೂ ಒಂದು ಗುಳ್ಳೆ ಇಲ್ಲ. ಬಲಗಡೆಗಿಂತ ಒಂದು ಕೈ ಮೇಲೆಯೇ ನುಣ್ಣಗಿತ್ತು.

ಸೂಪರ್‌ವೈಸರು ಕನ್ನಡಿಯಲ್ಲಿ ಸೂಕ್ಷ್ಮಪ್ಪನನ್ನು ನೋಡಿದ. ಸೂಕ್ಷ್ಮಪ್ಪ ಕನ್ನಡಿಯಲ್ಲಿ ಸೂಪರ್‌ವೈಸರನ್ನು ನೋಡಿದ. ಎಡಗೆನ್ನೆ ಉರಿಯಲೇಬೇಕಿತ್ತು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಇಡೀ ಮಹಡಿಯೇ ಸೇರಿ ಉಪಚಾರ ಮಾಡುವಾಗ, ಒಂದು ಕೆನ್ನೆಯನ್ನು ಹಾಗೇ ಬಿಡಿ ಎನ್ನುವ ಬುದ್ಧಿ ಯಾರಿಗೂ ಬಂದಿರಲಿಲ್ಲ.

"ಹಳೇ ಬ್ಲೇಡೇ ಇಷ್ಟು ಚೆನ್ನಾಗಿದ್ರೆ ಹೊಸದು ಯಾತಕ್ರೀ?" ಎಂದರು ಸಾಹೇಬರು. "ಇವನದು ಸೂಕ್ಷ್ಮ ಚರ್ಮ ಅಂತ ಬೇರೆ ಸಂಬಳ ಕೊಡ್ತಿದೀವಿ. ನನ್ನ ಮುಖಕ್ಕಿಂತ ಗಟ್ಟಿಯಾಗಿದೆ." ಪೆನ್ನಿನ ಮುಚ್ಚಳ ಮತ್ತೆ ಕೂತಿತು. ನಾಳೆಯಿಂದ ಇವನು ಬರುವುದು ಬೇಡ ಎಂದು ಹೇಳಿ, ಅವರು ಕಾಫಿ ಕುಡಿಯಲು ಮ್ಯಾನೇಜರ ಕೋಣೆಗೆ ನಡೆದರು. ಸೂಕ್ಷ್ಮಪ್ಪ ಕೈಮುಗಿದು ಎಲ್ಲ ಬಿಡಿಸಿ ಹೇಳಲು ಹೋದ. ಮರಗಟ್ಟಿದ ತುಟಿಯಿಂದ ಕರು ಕೂಗಿದಂಥ ಸದ್ದು ಹೊರಟಿತು.

ಅವನು ಕನ್ನಡಿಯ ಮುಂದೆಯೇ ಕೂತುಬಿಟ್ಟ. ಬಚ್ಚಲು ಹೋಗಲಿ, ಈಗ ಇದ್ದ ಹಂಗಾಮಿಯೂ ಹೋಯಿತು. ಹೆಂಡತಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದು ಅವನು ಸಂಕಟಪಡುತ್ತಿದ್ದಾಗ, ದವಡೆಯ ಹತ್ತಿರ ಇರುವೆ ಹರಿದಂತಾಯಿತು. ಆಮೇಲೆ ಸೂಜಿ ಚುಚ್ಚಿದಂತೆ. ಆಮೇಲೆ ಉರಿ. ಕನ್ನಡಿಯಲ್ಲಿ ನೋಡುತ್ತಾನೆ, ಎಡಗೆನ್ನೆಯ ಮೇಲೆ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿವೆ. ತನ್ನ ಗುಳ್ಳೆಗಳನ್ನು ಕಂಡು ಅವನಿಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

"ಸಾರ್, ಕೆಂಪಾಯ್ತು" ಎಂದು ಮತ್ತೆ ಜೀವ ಬಂದ ತುಟಿಯಿಂದ ಕೂಗುತ್ತ ಅವನು ಮ್ಯಾನೇಜರ ಕೋಣೆಯ ಕಡೆ ಓಡಿದ. ಸೂಪರ್‌ವೈಸರು ಅರ್ಧ ದಾರಿಯಲ್ಲಿ ಅವನ ಕಾಲರು ಹಿಡಿದು ನಿಲ್ಲಿಸಿದ. ಎಡಗೆನ್ನೆ ನೋಡಿ ಹಿಗ್ಗಿದ, ಬಲಗೆನ್ನೆ ನೋಡಿ ಕುಗ್ಗಿದ. ಅಲ್ಲೂ ಅಷ್ಟೇ ಗುಳ್ಳೆ. ಕೂಡಲೇ ತನ್ನ ಕರ್ಚೀಫು ತೆಗೆದು ಬಲಗೆನ್ನೆ ಮುಚ್ಚುವಂತೆ ಗಲ್ಲದಿಂದ ನೆತ್ತಿಗೆ ಎಳೆದು ಕಟ್ಟಿದ. ಕೇಳಿದರೆ ಹಲ್ಲುನೋವು ಅನ್ನು ಎಂದು ಹೇಳಿಕೊಟ್ಟು ಒಳಗೆ ತಳ್ಳಿದ.

ಸಾಹೇಬರು ಕಾಫಿ ಲೋಟ ಕೆಳಗಿಟ್ಟು ಎಡಗೆನ್ನೆ ನೋಡಿದರು. ಹೌದಲ್ಲ ಎಂದು ಹುಬ್ಬೇರಿಸಿದರು. ಹಾಗೇ, ಆ ಕರ್ಚೀಫು ಯಾಕೆ ಎಂದು ಕೇಳಿದರು. ಸೂಕ್ಷ್ಮಪ್ಪ ಹಲ್ಲುನೋವು ಅಂದ. ಸಾಹೇಬರಿಗೂ ಹಲ್ಲುನೋವು ಕಾಡಿದ್ದುಂಟು. ಎಲ್ಲಿ, ಬಾಯಿ ತೆಗೆ, ಯಾವ ಹಲ್ಲು ಎಂದು ಕನಿಕರದಿಂದ ತಾವೇ ಎದ್ದು ಬಂದು ಕರ್ಚೀಫಿನ ಗಂಟು ಬಿಚ್ಚಿದರು.

ಮುಂದೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಸೂಕ್ಷ್ಮಪ್ಪ ಉರಿಯುವ ಕೆನ್ನೆಗಳ ನಡುವಿನಿಂದ ಟವೆಲ್ಲು, ಮಾಸ್ತರರು, ಕಾಂಪೌಂಡರು, ಮುಲಾಮು ಎಲ್ಲವನ್ನೂ ಒಪ್ಪಿಸಿದ. ಹೆಂಡತಿಗೆ ಕೊಟ್ಟ ಮಾತನ್ನೂ ಹೇಳಿ ಕಣ್ಣು ಒರೆಸಿಕೊಂಡ. ಉಪ್ಪಿನ ಕಣ್ಣೀರು ಗುಳ್ಳೆಗೆ ತಾಗಿ ಇನ್ನಷ್ಟು ಅತ್ತ. ಸೂಪರ್‌ವೈಸರು ಗೋಡೆಯ ಕಡೆ ತಿರುಗಿ ನಿಂತಿದ್ದ. ಸಾಹೇಬರು ಮಾತ್ರ ಬೈಯಲಿಲ್ಲ. ಯೋಚನೆಯಲ್ಲಿ ಮುಳುಗಿದ್ದರು.

"ಆ ಮುಲಾಮು ಎಷ್ಟು ಹೊತ್ತು ತಡೀತು?" ಎಂದು ಕೇಳಿದರು.

"ತಾವು ಕಾಫಿ ಕುಡಿಯೋವರೆಗೂ ತಡೀತು ಸಾರ್."

"ಸಾಕಲ್ಲಯ್ಯ" ಎಂದರು ಸಾಹೇಬರು. "ಮನುಷ್ಯ ಗಡ್ಡ ಮಾಡ್ಕೊಂಡು ಕನ್ನಡಿ ನೋಡೋದು ಅಷ್ಟೇ ಹೊತ್ತು. ಆಮೇಲೆ ಉರಿದ್ರೆ ಬಿಸಿಲು ಅಂತಾನೆ, ಧೂಳು ಅಂತಾನೆ, ಬ್ಲೇಡು ಅಂತ ಯಾರು ಹೇಳ್ತಾರೆ?"

ಹೊಸ ಬ್ಲೇಡಿಗೆ ಅಲ್ಲೇ ಎಳ್ಳುನೀರು ಬಿಟ್ಟರು. ಹಳೆಯ ಬ್ಲೇಡಿನ ಜೊತೆ ಒಂದು ಪುಟ್ಟ ಡಬ್ಬಿ ಮುಲಾಮು ಇಟ್ಟು ಮಾರುವುದೆಂದು ತೀರ್ಮಾನವಾಯಿತು. ಮಧ್ಯಾಹ್ನದೊಳಗೆ ಕಾರು ಕಳಿಸಿ ಕಾಂಪೌಂಡರನ್ನು ಕರೆಸಿದರು. ಸಿದ್ಧವಾಗಿದ್ದ ಆರ್ಡರಿನಲ್ಲಿ ಹೆಸರೊಂದನ್ನು ಹೊಡೆದುಹಾಕಿ ಕಾಂಪೌಂಡರ ಹೆಸರು ಬರೆದರು. ಸಹಿಯೂ ಬಿತ್ತು, ಕ್ವಾರ್ಟರ್ಸಿನ ಕೀಲಿಯೂ ಕೈ ಸೇರಿತು. ಸೂಕ್ಷ್ಮಪ್ಪನನ್ನು ಏನು ಮಾಡುವುದು ಎಂದು ಮ್ಯಾನೇಜರು ಕೇಳಿದ್ದಕ್ಕೆ, ಮುಲಾಮು ಹಚ್ಚಿ ನೋಡಲು ಒಂದು ಮುಖ ಬೇಕಲ್ಲ, ಇರಲಿ ಎಂದರು ಸಾಹೇಬರು. ಖಾಯಂ ಮಾಡುವ ಮಾತು ಬಂದಾಗ ತಲೆಯಾಡಿಸಿದರು. ಗಂಟೆಗೊಂದು ಬಣ್ಣಕ್ಕೆ ತಿರುಗುವ ಚರ್ಮವನ್ನು ಖಾಯಂ ಮಾಡುವುದು ಹೇಗೆ?

ಸಂಜೆ ಕಾಂಪೌಂಡರ ಮನೆ ಖಾಲಿಯಾಗುತ್ತಿತ್ತು. ಸೂಕ್ಷ್ಮಪ್ಪನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ನಾಳೆಯ ಸಾಲಿಗೆಂದು ಬಕೆಟ್ ತಂದು ಬಾಗಿಲ ಪಕ್ಕದಲ್ಲಿಟ್ಟಳು, ಅದೇ ಅವನಿಗೆ ಹೆಚ್ಚು ನೋವಾಯಿತು. ಏನಾದರೂ ಮಾಡುತ್ತಿದ್ದರೆ ವಾಸಿ ಎಂದು ಕಾಂಪೌಂಡರ ಟ್ರಂಕನ್ನು ತಾನೇ ಹೆಗಲಿಗೇರಿಸಿ ಮೆಟ್ಟಿಲು ಇಳಿಯತೊಡಗಿದ. ಟ್ರಂಕಿನ ಅಂಚು ಕೆನ್ನೆಗೆ ಉಜ್ಜಿತು. ಅವನು ಹಲ್ಲು ಕಚ್ಚಿದ.

ಹಿಂದೆ ಬರುತ್ತಿದ್ದ ಕಾಂಪೌಂಡರು ಗಾಬರಿಯಿಂದ ಓಡಿಬಂದು ಟ್ರಂಕನ್ನು ಅವನ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿದರು. ನಿಜವಾದ ಕಾಳಜಿಯಿಂದ ಅವನ ಮುಖವನ್ನು ದೀಪದ ಕಡೆ ತಿರುಗಿಸಿ ನೋಡಿದರು.

"ಕೆನ್ನೆ ಜೋಪಾನ ಕಣಪ್ಪ" ಅಂದರು. "ನನ್ನ ಖಾಯಂ ನೌಕರಿ ನಿಂತಿರೋದೇ ಅದರ ಮೇಲೆ."